ಹಳೆಯ ಡಿಎಲ್‌ಪಿ ಪ್ರೊಜೆಕ್ಟರಿಗೆ ಲೇಸರ್ ಬೆಳಕು: ಸ್ಪೆಕಲ್ ತಗ್ಗಿಸಿದ ಬಗೆ

ದೀಪ ಸುಟ್ಟುಹೋದ, ಕಿರುಗನ್ನಡಿಗಳಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಪ್ರೊಜೆಕ್ಟರುಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಪಾದರಸದ ಹೊಸ ದೀಪಕ್ಕೆ ತೆರಬೇಕಾದ ಬೆಲೆಯನ್ನು ನೋಡಿ ಜನ ಯಂತ್ರವನ್ನೇ ಮಾರಿಬಿಡುತ್ತಾರೆ. ಒಳಗಿನ ಕಿರುಗನ್ನಡಿಗಳ ಚಿಪ್ಪು, ಬೋರ್ಡು, ಮಸೂರ ಎಲ್ಲವೂ ಸುಸ್ಥಿತಿಯಲ್ಲಿರುತ್ತವೆ. ಅಂಥದೊಂದು 0.55 ಇಂಚಿನ ಚಿಪ್ಪಿನ, 1024×768 ಬಿಂದುಗಳ ಯಂತ್ರಕ್ಕೆ ದೀಪದ ಬದಲು ಕೆಂಪು, ಹಸಿರು, ನೀಲಿ ಲೇಸರ್ ಡಯೋಡುಗಳನ್ನು ಅಳವಡಿಸಿದ ಕೆಲಸದ ವಿವರ ಇಲ್ಲಿದೆ. ಲೇಸರಿನಿಂದ ಬೆಳಕು ಪಡೆಯುವುದು ಈ ಕೆಲಸದ ಸುಲಭದ ಭಾಗ. ಪರದೆಯ ತುಂಬ ಮರಳು ಚೆಲ್ಲಿದಂತೆ ಮಿನುಗುವ ಸ್ಪೆಕಲ್ ಎಂಬ ಕಣಕಣವನ್ನು ಕಣ್ಣಿಗೆ ಕಾಣದಷ್ಟು ತಗ್ಗಿಸುವುದರಲ್ಲೇ ಹೆಚ್ಚಿನ ಶ್ರಮ ಹೋಗುತ್ತದೆ, ಮತ್ತು ಈ ಬರಹ ಬಹುಪಾಲು ಅದಕ್ಕೇ ಮೀಸಲು.

ಮೊದಲು ಸುರಕ್ಷತೆಯ ಮಾತು. 500 ಮಿಲಿವ್ಯಾಟ್ ದಾಟಿದ ಲೇಸರು ನಾಲ್ಕನೆಯ ವರ್ಗಕ್ಕೆ ಸೇರುತ್ತದೆ; ಅದರ ನೇರ ಕಿರಣವಷ್ಟೇ ಅಲ್ಲ, ಹೊಳಪಿನ ಸ್ಕ್ರೂ ತಲೆಯಿಂದ ಚಿಮ್ಮಿದ ಕಿರಣವೂ ರೆಟಿನಾವನ್ನು ಸುಡಬಲ್ಲದು. ಆಯಾ ತರಂಗಾಂತರಕ್ಕೆ ತಕ್ಕ ರಕ್ಷಣಾ ಕನ್ನಡಕ, ಮುಚ್ಚಳ ತೆರೆದೊಡನೆ ಲೇಸರನ್ನು ಆರಿಸುವ ಸ್ವಿಚ್ಚು, ಇವಿಲ್ಲದೆ ಡಯೋಡಿಗೆ ವಿದ್ಯುತ್ ಕೊಡಲೇಬಾರದು. ಹಳೆಯ ದೀಪಕ್ಕೆ ವಿದ್ಯುತ್ ಒದಗಿಸುತ್ತಿದ್ದ ಬ್ಯಾಲಸ್ಟ್ ಕೂಡ ಕಡಿಮೆ ಅಪಾಯದ್ದಲ್ಲ: ಅದರ ಮುಖ್ಯ ಕೆಪಾಸಿಟರಿನಲ್ಲಿ ಸುಮಾರು 380 ವೋಲ್ಟ್ ನಿಂತಿರುತ್ತದೆ, ಆದ್ದರಿಂದ ರೆಸಿಸ್ಟರ್ ಮೂಲಕ ಅದನ್ನು ಬರಿದು ಮಾಡಿ, ಮೀಟರಿನಲ್ಲಿ ನೋಡಿದ ಮೇಲೆಯೇ ಕೈ ಹಾಕಬೇಕು. ಬ್ಯಾಲಸ್ಟನ್ನು ಪೂರ್ತಿ ತೆಗೆದುಹಾಕಿ, ‘ದೀಪ ಹೊತ್ತಿಕೊಂಡಿದೆ’ ಎಂದು ಬೋರ್ಡಿಗೆ ತಿಳಿಸುವ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ) ಸಂಕೇತವನ್ನು ಮಾತ್ರ ಹುಸಿಯಾಗಿ ಕೊಟ್ಟರೆ ಬೋರ್ಡು ತಕರಾರಿಲ್ಲದೆ ಮುಂದಿನ ಕೆಲಸಕ್ಕೆ ಹೋಗುತ್ತದೆ.

ಸ್ಪೆಕಲ್ ಹುಟ್ಟುವುದು ಪರದೆಯ ಒರಟುತನದಿಂದ. ಲೇಸರಿನ ಸಂಸಕ್ತ, ಅಂದರೆ ಅಲೆಗಳೆಲ್ಲ ಒಂದೇ ಲಯದಲ್ಲಿರುವ, ಬೆಳಕು ಪರದೆಯ ಸೂಕ್ಷ್ಮ ಉಬ್ಬುತಗ್ಗುಗಳಿಂದ ಚದುರಿ, ಒಂದಕ್ಕೊಂದು ಬೇರೆ ಬೇರೆ ಹಂತದಲ್ಲಿ ಬಂದು ರೆಟಿನಾದ ಮೇಲೆ ಕೂಡುವಾಗ ಕೆಲವೆಡೆ ಹೊಳಪು, ಕೆಲವೆಡೆ ಕತ್ತಲು ಮೂಡುತ್ತದೆ. ಪರದೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಚುಕ್ಕೆಗಳು ಇವಲ್ಲ; ಕಣ್ಣಿನ ಪಾಪೆಯ ಅಳತೆಯೇ ಅವುಗಳ ಗಾತ್ರವನ್ನು ತೀರ್ಮಾನಿಸುತ್ತದೆ. ಸಮೀಪದೃಷ್ಟಿಯವರು ಕನ್ನಡಕ ತೆಗೆದು ನೋಡಿದರೆ ಪರದೆಯ ಅಕ್ಷರಗಳೆಲ್ಲ ಮಸುಕಾಗುತ್ತವೆ, ಆದರೆ ಸ್ಪೆಕಲ್ ಕಣಗಳು ಮೊದಲಿನಷ್ಟೇ ಚೂಪಾಗಿ ಉಳಿಯುತ್ತವೆ, ಮತ್ತು ತಲೆಯನ್ನು ಬಲಕ್ಕೆ ಸರಿಸಿದರೆ ಅವು ಎಡಕ್ಕೆ ಹರಿಯುತ್ತವೆ. ದೂರದೃಷ್ಟಿಯವರಿಗೆ ಅವು ತಲೆಯ ಜೊತೆಗೇ ಸಾಗುತ್ತವೆ.

ಹೀಗೆ ಕೂಡುವ ಅಲೆಗಳ ತೀವ್ರತೆಯ ಏರುಪೇರು ಎಷ್ಟಿರಬೇಕೆಂಬ ಲೆಕ್ಕ ಲೇಸರಿಗಿಂತ ಹಳೆಯದು. 1943ರಲ್ಲಿ, ಲೇಸರ್ ಹುಟ್ಟುವುದಕ್ಕೆ 17 ವರ್ಷ ಮೊದಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ ಅವರು ಲೈಕೊಪೋಡಿಯಂ ಎಂಬ ಸಸ್ಯದ ನಯವಾದ ಪುಡಿ ಚೆಲ್ಲಿದ ಗಾಜಿನ ಮೂಲಕ ಕಾಣುವ ಬೆಳಕಿನ ಬಳೆಗಳಲ್ಲಿ ಇಂಥದೇ ಚುಕ್ಕೆಗಳನ್ನು ಅಧ್ಯಯನ ಮಾಡಿದ್ದರು. ಪೂರ್ಣ ಬೆಳೆದ ಸ್ಪೆಕಲ್‌ನಲ್ಲಿ ತೀವ್ರತೆಯ ಏರುಪೇರು ಅದರ ಸರಾಸರಿಯಷ್ಟೇ ಇರುತ್ತದೆ, ಅಂದರೆ ವೈದೃಶ್ಯ (ಕಾಂಟ್ರಾಸ್ಟ್) ಶೇ 100. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸ್ಪೆಕಲ್ ವಿನ್ಯಾಸಗಳನ್ನು ಕಣ್ಣು ಒಟ್ಟುಗೂಡಿಸಿ ನೋಡಿದರೆ, ವಿನ್ಯಾಸಗಳ ಸಂಖ್ಯೆಯ ವರ್ಗಮೂಲದಿಂದ ವೈದೃಶ್ಯ ಭಾಗವಾಗುತ್ತದೆ. ಶೇ 4ರಿಂದ 5ಕ್ಕೆ ಇಳಿದರೆ ಸಾಮಾನ್ಯ ವೀಕ್ಷಕರಿಗೆ ಅದು ಕಾಣುವುದಿಲ್ಲ. ಈ ವರ್ಗಮೂಲವೇ ಇಡೀ ಕೆಲಸದ ತೊಡಕು: ಶೇ 5ಕ್ಕೆ ಇಳಿಯಲು 400 ಸ್ವತಂತ್ರ ವಿನ್ಯಾಸಗಳು ಬೇಕು, ಮತ್ತು ಅವು ಯಾವುದೋ ಒಂದೇ ಉಪಾಯದಿಂದ ಒದಗುವುದಿಲ್ಲ.

ಅಳತೆಯಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು, ಏಕೆಂದರೆ ಕಣ್ಣು ಹತ್ತು ನಿಮಿಷದಲ್ಲಿ ಹೊಂದಿಕೊಂಡು ಎಲ್ಲವನ್ನೂ ಒಪ್ಪಿಕೊಂಡುಬಿಡುತ್ತದೆ. ಅಳೆಯುವ ಕ್ಯಾಮೆರಾ ಕಣ್ಣಿನಂತೆಯೇ ನೋಡಬೇಕು. 50 ಮಿಲಿಮೀಟರ್ ಮಸೂರವನ್ನು ಎಫ್/16ಕ್ಕೆ ಇಟ್ಟರೆ ಅದರ ತೆರಪು ಸುಮಾರು 3 ಮಿಲಿಮೀಟರ್ ಆಗುತ್ತದೆ, ಬೆಳಕಿನ ಪರದೆ ನೋಡುವಾಗಿನ ಪಾಪೆಯೂ ಅಷ್ಟೇ. ಶಟರ್ 1/25 ಸೆಕೆಂಡ್, ಕಚ್ಚಾ ಕಡತ, ಹಸಿರು ಬಿಂದುಗಳು ಮಾತ್ರ. ಎಫ್/16ರಲ್ಲಿ ಸ್ಪೆಕಲ್ ಕಣ ಸಂವೇದಕದ ಮೇಲೆ ಸುಮಾರು 8 ಮೈಕ್ರಾನ್ ಇರುತ್ತದೆ. ಕ್ಯಾಮೆರಾದ ಬಿಂದು ಅದಕ್ಕಿಂತ ದೊಡ್ಡದಾಗಿದ್ದರೆ ಕಣಗಳು ಅದರೊಳಗೇ ಬೆರೆತು, ಅಳತೆ ಸುಳ್ಳು ಸಮಾಧಾನ ಕೊಡುತ್ತದೆ. ಚಿತ್ರದ ಅಂಚಿನತ್ತ ಕುಂದುವ ಬೆಳಕನ್ನು ತೆಗೆಯಲು ಪ್ರತಿ ಚಿತ್ರವನ್ನೂ ಅದರದೇ ಮಸುಕಾದ ಪ್ರತಿಯಿಂದ ಭಾಗಿಸಿದೆ. ಕಿರುಗನ್ನಡಿಗಳ ನಡುವಿನ ಗೆರೆಗಳೂ ಏರುಪೇರಾಗಿ ಲೆಕ್ಕಕ್ಕೆ ಸೇರುತ್ತವೆ, ಆದ್ದರಿಂದ ಲೇಸರಿನ ಜಾಗದಲ್ಲಿ ಹಸಿರು ಎಲ್‌ಇಡಿ ಇಟ್ಟು ಅಳೆದು, ಅದನ್ನು ವರ್ಗಗಳ ಲೆಕ್ಕದಲ್ಲಿ ಕಳೆದೆ. ಮುಂದೆ ಬರುವ ಅಂಕಿಗಳೆಲ್ಲ ಹೀಗೆ ಪಡೆದವು: ಮ್ಯಾಟ್ ಬಿಳಿ ಪಿವಿಸಿ ಪರದೆ, ಪ್ರೊಜೆಕ್ಟರಿನಿಂದ 2.5 ಮೀಟರ್, ಕ್ಯಾಮೆರಾದಿಂದ 3 ಮೀಟರ್.

ಸ್ಪೆಕಲ್ ಅಂದೊಡನೆ ಎಲ್ಲರೂ ಹೇಳುವ ಉಪಾಯ ತಿರುಗುವ ಡಿಫ್ಯೂಸರ್, ಅಂದರೆ ಬೆಳಕನ್ನು ಚದುರಿಸುವ ಒರಟು ಬಿಲ್ಲೆ. ಅದಕ್ಕೆಂದು ಹಾರ್ಡ್ ಡಿಸ್ಕಿನ ಮೋಟರನ್ನು ಬಳಸುವುದುಂಟು. ಆದರೆ 5400 ಸುತ್ತಿನ ಮೋಟರು ಸೆಕೆಂಡಿಗೆ 90 ಸಲ ತಿರುಗುತ್ತದೆ. ಬಿಲ್ಲೆಯ ಮೇಲಿನ ಒಂದು ಧೂಳಿನ ಕಲೆ 60 ಹರ್ಟ್ಸ್ ಚಿತ್ರದೊಂದಿಗೆ ಸೇರಿ 30 ಹರ್ಟ್ಸಿನ ನಡುಗುವ ಬೆಳಕಾಗುತ್ತದೆ, ಅದು ಸ್ಪೆಕಲ್‌ಗಿಂತ ಹೆಚ್ಚು ಕಾಡುತ್ತದೆ. ಇದಕ್ಕೆ ಪರಿಹಾರ ಯಂತ್ರದೊಳಗೇ ಇದೆ. ದೀಪದ ಯಂತ್ರಗಳಲ್ಲಿ ಚಿಪ್ಪಿನ ಮೇಲೆ ಒಂದಾದ ಮೇಲೊಂದು ಬಣ್ಣ ಬೀಳಿಸುವ ಬಣ್ಣದ ಚಕ್ರವನ್ನು ತಿರುಗಿಸುವ ಪುಟ್ಟ ಮೋಟರನ್ನು ಬೋರ್ಡು ಚಿತ್ರದ ಲಯಕ್ಕೇ ಬಿಗಿಯಾಗಿ ಕಟ್ಟಿಹಾಕಿರುತ್ತದೆ, ಇದರಲ್ಲಿ ಸೆಕೆಂಡಿಗೆ 120 ಸುತ್ತು. ಲೇಸರ್ ಬಂದ ಮೇಲೆ ಬಣ್ಣದ ಗಾಜುಗಳಿಗೆ ಕೆಲಸವಿಲ್ಲ. ಅವನ್ನು ಬಿಸಿಗಾಳಿಯಲ್ಲಿ ಬಿಡಿಸಿ, ಚಕ್ರದ ನಡುವಿನ ಅದೇ ಗುಂಬಕ್ಕೆ 10 ಡಿಗ್ರಿ ಹರಡುವ ಪಾಲಿಕಾರ್ಬೊನೇಟ್ ಡಿಫ್ಯೂಸರ್ ಹಾಳೆಯಿಂದ ಕತ್ತರಿಸಿದ ಬಳೆಯನ್ನು ಅಂಟಿಸಿದೆ. ಗುಂಬದ ಮೇಲಿನ ಕಪ್ಪು ಗುರುತು, ಅದನ್ನು ಓದುವ ಅವಗೆಂಪು ಸಂವೇದಕ ಎರಡೂ ಇದ್ದಲ್ಲೇ ಉಳಿದವು. ಬಳೆ ತೂಕದಲ್ಲಿ ಒಂದಿಷ್ಟು ಓಲಿದರೂ ಮೋಟರು ಕೊರಗುಟ್ಟುತ್ತದೆ. ಗುಂಬದ ಒಳಗಿನ ಸಣ್ಣ ಕಾಲುವೆಯಲ್ಲಿ ಸಾಸಿವೆ ಗಾತ್ರದ ಎಪಾಕ್ಸಿ ಇಟ್ಟು, ಜಾಗ ಬದಲಿಸುತ್ತ, ಸದ್ದು ಅಡಗುವವರೆಗೆ ಸಮತೋಲನ ಮಾಡಬೇಕು.

ಕಿರಣ ಬೀಳುವುದು ಕೇಂದ್ರದಿಂದ 18 ಮಿಲಿಮೀಟರ್ ದೂರದಲ್ಲಿ, ಆದ್ದರಿಂದ ಡಿಫ್ಯೂಸರ್ ಅಲ್ಲಿ ಸೆಕೆಂಡಿಗೆ 13 ಮೀಟರಿಗೂ ಮಿಗಿಲಾದ ವೇಗದಲ್ಲಿ ಸಾಗುತ್ತದೆ, ಒಂದು ಮೈಕ್ರೊಸೆಕೆಂಡಿಗೆ 13 ಮೈಕ್ರಾನ್. ಕಿರುಗನ್ನಡಿಗಳ ಅತಿ ಚಿಕ್ಕ ಮಿಂಚೂ ಹತ್ತಾರು ಮೈಕ್ರೊಸೆಕೆಂಡು ಇರುವುದರಿಂದ ಅಷ್ಟರೊಳಗೇ ಡಿಫ್ಯೂಸರಿನ ಅನೇಕ ಕಣಗಳು ಹಾದುಹೋಗಿರುತ್ತವೆ. ಅದೇ ಗುರುತಿನ ಸಂಕೇತವನ್ನು ಮೈಕ್ರೊಕಂಟ್ರೋಲರಿಗೂ ಕೊಟ್ಟು, ಹಳೆಯ ಚಕ್ರದಲ್ಲಿ ಕೆಂಪು ಗಾಜಿದ್ದ ಕೋನದಲ್ಲಿ ಕೆಂಪು ಲೇಸರು, ಹಸಿರಿನ ಕೋನದಲ್ಲಿ ಹಸಿರು, ಬಿಳಿ ಕೋನದಲ್ಲಿ ಮೂರೂ ಉರಿಯುವಂತೆ ಮಾಡಿದೆ. ಗಾಜುಗಳು ಕೂಡುವ ಗೆರೆಗಳ ಬಳಿ ಎಲ್ಲವನ್ನೂ ಆರಿಸಿದರೆ ಬಣ್ಣಗಳು ಕಲಸಿಕೊಳ್ಳುವುದಿಲ್ಲ. ಚಕ್ರದ ಸಂಕೇತ ಎರಡು ಸುತ್ತಿನ ಕಾಲ ಬಾರದಿದ್ದರೆ ಲೇಸರಿನ ವಿದ್ಯುತ್ತನ್ನೇ ಕಡಿಯುವ ಪ್ರತ್ಯೇಕ ಮಾನೊಸ್ಟೇಬಲ್ (ಸಂಕೇತ ಬಂದ ಮೇಲೆ ಗೊತ್ತಾದಷ್ಟು ಹೊತ್ತು ಮಾತ್ರ ಚಾಲೂ ಇರುವ) ಸರ್ಕಿಟ್ ಇದೆ. ಈ ಕೆಲಸವನ್ನು ಪ್ರೋಗ್ರಾಮಿಗೆ ಒಪ್ಪಿಸಬಾರದು, ನಿಂತ ಬಳೆಯ ಮೇಲೆ ಒಂದೇ ಬಿಂದುವಿನಲ್ಲಿ ಬೆಳಕು ಬಿದ್ದರೆ ಪಾಲಿಕಾರ್ಬೊನೇಟ್ ಕರಗುತ್ತದೆ.

ನಿಂತ ಬಳೆಯ ಮೇಲೆ ತೀರಾ ಕಡಿಮೆ ವಿದ್ಯುತ್ತಿನಲ್ಲಿ, 520 ನ್ಯಾನೋಮೀಟರಿನ ಒಂದೇ ಹಸಿರು ಡಯೋಡಿನಿಂದ ಅಳೆದಾಗ ವೈದೃಶ್ಯ ಶೇ 45ರ ಆಸುಪಾಸಿನಲ್ಲಿತ್ತು. ಚಕ್ರ ತಿರುಗಿದೊಡನೆ ಅದು ಶೇ 16ಕ್ಕೆ ಇಳಿಯಿತು. ಕಣ್ಣಿಗೆ ಬಹಳ ದೊಡ್ಡ ಸುಧಾರಣೆಯೇ; ಆದರೆ ಬಿಳಿ ಹಿನ್ನೆಲೆಯ ಪಠ್ಯದ ಮೇಲೆ ಕಣಕಣ ಇನ್ನೂ ಎದ್ದು ಕಾಣುತ್ತಿತ್ತು. ವೇಗ ಹೆಚ್ಚಿಸಿದರೆ, ಇನ್ನೊಂದು ಡಿಫ್ಯೂಸರ್ ಸೇರಿಸಿದರೆ ಇನ್ನಷ್ಟು ಇಳಿಯಬಹುದೆಂದು ತೋರುವುದು ಸಹಜ. ಹಾಗಾಗುವುದಿಲ್ಲ, ಏಕೆ ಎಂಬುದನ್ನು ವಿವರವಾಗಿಯೇ ಹೇಳಬೇಕು.

ಪ್ರೊಜೆಕ್ಟರಿನ ಮಸೂರದ ನಾಭಿದೂರ 24 ಮಿಲಿಮೀಟರ್, ಎಫ್/2.5, ಅಂದರೆ ಬೆಳಕು ಹೊರಬರುವ ಕಂಡಿಯ ವ್ಯಾಸ 9.5 ಮಿಲಿಮೀಟರ್ ಎನ್ನೋಣ. ಅಷ್ಟು ಕಂಡಿಯಿಂದ 2.5 ಮೀಟರ್ ದೂರದ ಪರದೆಯ ಮೇಲೆ ಮೂಡಿಸಬಹುದಾದ ಅತಿ ಚಿಕ್ಕ ಬೆಳಕಿನ ತುಣುಕು ಸುಮಾರು 0.14 ಮಿಲಿಮೀಟರ್. 3 ಮೀಟರ್ ದೂರದಲ್ಲಿ ಕೂತ, 3 ಮಿಲಿಮೀಟರ್ ಪಾಪೆಯ ಕಣ್ಣು ಬಿಡಿಸಿ ನೋಡಬಲ್ಲ ತುಣುಕು ಸುಮಾರು 0.52 ಮಿಲಿಮೀಟರ್. (ಪರದೆಯ ಮೇಲಿನ ಚಿತ್ರಬಿಂದು 1.1 ಮಿಲಿಮೀಟರ್ ಇದೆ. ಅದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.) ಹೀಗೆ ಕಣ್ಣಿನ ಒಂದು ತುಣುಕಿನೊಳಗೆ ಮಸೂರದ ತುಣುಕುಗಳು 3.8ರ ವರ್ಗದಷ್ಟು, ಅಂದರೆ ಸುಮಾರು 14 ಹಿಡಿಸುತ್ತವೆ. ಡಿಫ್ಯೂಸರ್ ಎಷ್ಟೇ ವೇಗವಾಗಿ ಓಡಲಿ, ಆ 14 ತುಣುಕುಗಳ ಹಂತಗಳನ್ನು ಕಲಕುವುದಷ್ಟೇ ಅದರ ಕೈಲಾಗುವ ಕೆಲಸ. ಒಂದು ತುಣುಕಿನ ಒಳಗೆ ಪರದೆಯ ಒರಟುತನ ಮಾಡುವ ವ್ಯತಿಕರಣ, ಅಂದರೆ ಅಲೆಗಳ ಕೂಡಾಟ, ಅದಕ್ಕೆ ಎಟುಕುವುದಿಲ್ಲ. 14ರ ವರ್ಗಮೂಲದಿಂದ ಭಾಗಿಸಿದರೆ ಶೇ 26. ಮ್ಯಾಟ್ ಪರದೆ ಬೆಳಕಿನ ಧ್ರುವೀಕರಣವನ್ನು (ಅಲೆ ಕಂಪಿಸುವ ದಿಕ್ಕನ್ನು) ಕೆಡಿಸುವುದರಿಂದ ಎರಡು ಸ್ವತಂತ್ರ ವಿನ್ಯಾಸಗಳು ಪುಕ್ಕಟೆಯಾಗಿ ದೊರೆತು ಅದು ಶೇ 19ಕ್ಕೆ ಬರುತ್ತದೆ. ಅಳತೆ ಇದಕ್ಕಿಂತ ಕಡಿಮೆ ತೋರಿಸಲು ಕಾರಣ ಡಯೋಡಿನ ಬೆಳಕು ಒಂದೆರಡು ನ್ಯಾನೋಮೀಟರಿನಷ್ಟು ಅಗಲವಾಗಿರುವುದು. ಒಟ್ಟಿನಲ್ಲಿ ಈ ನೆಲಗಟ್ಟನ್ನು ಹಾಕಿದ್ದು ಮಸೂರದ ಕಂಡಿ, ಮೋಟರಲ್ಲ. ಅಂಗೈಯಗಲದ ಪಿಕೊ ಪ್ರೊಜೆಕ್ಟರುಗಳ ಕಂಡಿ ಇನ್ನೂ ಕಿರಿದು, ಅವುಗಳಿಗೆ ಲೇಸರ್ ಹಾಕಿ ಬರೀ ಡಿಫ್ಯೂಸರ್ ನಂಬುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಕಂಡಿ ಇದ್ದಷ್ಟೂ ಬೆಳಗಬೇಕು ಎಂಬುದು ಈ ಲೆಕ್ಕದ ಇನ್ನೊಂದು ಮುಖ. ಪರದೆಯ ಜಾಗದಲ್ಲಿ ಕ್ಯಾಮೆರಾ ಇಟ್ಟು, ದಟ್ಟವಾದ ಕಪ್ಪು ಫಿಲ್ಟರ್ ಹಾಕಿ, ಪ್ರೊಜೆಕ್ಟರಿನ ಮಸೂರದ ಮೇಲೆಯೇ ಫೋಕಸ್ ಮಾಡಿದರೆ ಕಂಡಿಯೊಳಗೆ ಬೆಳಕು ಹೇಗೆ ಹಂಚಿಕೆಯಾಗಿದೆ ಎಂಬುದು ನೇರವಾಗಿ ಕಾಣುತ್ತದೆ. ಅಲ್ಲಿ ಕಂಡದ್ದು ಒಂದು ತುಂಬಿದ ವೃತ್ತವಲ್ಲ. ಸಾಲು ಸಾಲಾದ ಹಸಿರು ದುಂಡು ಕಲೆಗಳು, ನಡುವೆ ಕತ್ತಲೆಯ ಓಣಿಗಳು. ಬೆಳಕನ್ನು ಸಮಗೊಳಿಸುವ ಕನ್ನಡಿ ಕೊಳವೆ ಒಂದು ಮೂಲದಿಂದ ಹಲವು ಪ್ರತಿಬಿಂಬಗಳನ್ನು ಮಾಡುತ್ತದೆ, ಆ ಪ್ರತಿಬಿಂಬಗಳೇ ಈ ಕಲೆಗಳು. ಲೇಸರನ್ನು ಬಳೆಯ ಮೇಲೆ ಕೂಡಿಸುವ ಮಸೂರವನ್ನು ಕೊಳವೆಯಿಂದ ತುಸು ಹಿಂದಕ್ಕೆ ಸರಿಸಿ, ಬಳೆಯ ಮೇಲಿನ ಬೆಳಕಿನ ಚುಕ್ಕೆಯನ್ನು ಕೊಳವೆಯ ಬಾಯಿಯಷ್ಟು ಅಗಲ ಮಾಡಿದಾಗ ಕಲೆಗಳು ಊದಿಕೊಂಡು ಒಂದಕ್ಕೊಂದು ಕೂಡಿಕೊಂಡವು. ಅಂಚಿನಲ್ಲಿ ಒಂದಿಷ್ಟು ಬೆಳಕು ಪೋಲಾಯಿತು, ವೈದೃಶ್ಯ ಶೇ 12ಕ್ಕೆ ಬಂತು. ಎರಡನೆಯ, ನಿಂತ ಡಿಫ್ಯೂಸರನ್ನೂ ಇಟ್ಟು ನೋಡಿದೆ. ಬೆಳಕಿನಲ್ಲಿ ಹತ್ತನೆಯ ಒಂದು ಭಾಗವನ್ನು ತಿಂದು, ಅಳತೆಯನ್ನು ಕದಲಿಸಲಿಲ್ಲ, ತೆಗೆದುಹಾಕಿದೆ.

ಇಲ್ಲಿಂದ ಮುಂದೆ ತರಂಗಾಂತರದ ಸರದಿ. ಪರದೆಯ ಒಳಗೆ ಬೆಳಕು ಸಾಗುವ ದಾರಿಗಳ ಅಂತರ ಆಳದಲ್ಲಿ 100 ಮೈಕ್ರಾನಿನಷ್ಟಿದ್ದರೆ, ತರಂಗಾಂತರ ಸುಮಾರು 1.4 ನ್ಯಾನೋಮೀಟರ್ ಬದಲಾದೊಡನೆ ಸ್ಪೆಕಲ್ ವಿನ್ಯಾಸ ಪೂರ್ತಿ ಬದಲಾಗುತ್ತದೆ. ಆದ್ದರಿಂದ ಒಂದು ದೊಡ್ಡ ಡಯೋಡಿಗಿಂತ ತರಂಗಾಂತರದಲ್ಲಿ ಕೆಲವು ನ್ಯಾನೋಮೀಟರ್ ಬೇರೆಯಾದ ಎರಡು ಚಿಕ್ಕವು ಮೇಲು. 518 ಮತ್ತು 525ರ ಆಸುಪಾಸಿನ ಎರಡು ಹಸಿರು ಡಯೋಡುಗಳನ್ನು ಧ್ರುವೀಕರಣ ಘನದ ಮೂಲಕ ಲಂಬ ದಿಕ್ಕುಗಳಲ್ಲಿ ಕೂಡಿಸಿದೆ. ವೈದೃಶ್ಯ ಶೇ 8.5 ಆಯಿತು, ಎರಡರ ವರ್ಗಮೂಲ ಹೇಳುವುದೂ ಅಷ್ಟನ್ನೇ. ಧ್ರುವೀಕರಣ ಲಂಬವಾಗಿರುವುದು ಈ ಪರದೆಯ ಮೇಲೆ ಹೆಚ್ಚಿನ ಲಾಭವನ್ನೇನೂ ತರಲಿಲ್ಲ, ಏಕೆಂದರೆ ತರಂಗಾಂತರವೊಂದೇ ಎರಡನ್ನೂ ಬೇರ್ಪಡಿಸಿತ್ತು. ಘನ ಬೇಕಾದದ್ದು ಎರಡು ಕಿರಣಗಳನ್ನು ಒಂದೇ ದಾರಿಗೆ ತರುವುದಕ್ಕೆ.

ಹಳೆಯ ಹಸಿರು ಪಾಯಿಂಟರುಗಳ 532 ನ್ಯಾನೋಮೀಟರ್ ಲೇಸರನ್ನು ಅಗ್ಗವೆಂದು ಇಲ್ಲಿ ಬಳಸುವುದು ಬೇಡ. ಅದು 808ರ ಪಂಪಿನಿಂದ 1064ನ್ನು ಹುಟ್ಟಿಸಿ, ಅದನ್ನು ಹರಳಿನಲ್ಲಿ ಇಮ್ಮಡಿಸಿ ಪಡೆದ ಬೆಳಕು. ಅದರ ವರ್ಣರೇಖೆ ಬಹಳ ಕಿರಿದಾದ್ದರಿಂದ ಸ್ಪೆಕಲ್ ವಿಷಯದಲ್ಲಿ ಅದಕ್ಕಿಂತ ಹಟಮಾರಿ ಮೂಲ ಇಲ್ಲ. ಅವಗೆಂಪನ್ನು ತಡೆಯುವ ಫಿಲ್ಟರ್ ಇಲ್ಲದ ಅಗ್ಗದ ಘಟಕಗಳಿಂದ ಕಣ್ಣಿಗೆ ಕಾಣದ ಕಿರಣವೂ ಸೋರುತ್ತದೆ.

ಕೆಂಪಿನಲ್ಲಿ ಪರಿಸ್ಥಿತಿ ಹಸಿರಿಗಿಂತ ಕೆಟ್ಟದು. ತರಂಗಾಂತರ ದೊಡ್ಡದಾದಂತೆ ವಿನ್ಯಾಸ ಬದಲಾಗಲು ಬೇಕಾದ ವ್ಯತ್ಯಾಸ ಅದರ ವರ್ಗದಂತೆ ಬೆಳೆಯುವುದರಿಂದ, 638ರಲ್ಲಿ ಹಸಿರಿಗಿಂತ ಒಂದೂವರೆ ಪಟ್ಟು ಅಂತರ ಬೇಕು, ಜೊತೆಗೆ ಕಣಗಳೂ ದಪ್ಪ. 650ರ ಡಯೋಡನ್ನು ಜೊತೆಗೂಡಿಸಬಹುದಿತ್ತು, ಆದರೆ ಅಷ್ಟೇ ಶಕ್ತಿಗೆ ಅದು ಕಣ್ಣಿಗೆ 638ರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಬೆಳಗಾಗಿ ತೋರುತ್ತದೆ. ಕೆಂಪು ಡಯೋಡಿನ ತರಂಗಾಂತರ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 0.2 ನ್ಯಾನೋಮೀಟರ್ ಏರುತ್ತದೆ, ಸಾಮಾನ್ಯವಾಗಿ ಇದೊಂದು ಪೀಡೆ. ಇಲ್ಲಿ ಅದನ್ನೇ ದುಡಿಸಿಕೊಂಡೆ: ಎರಡು ಕೆಂಪು ಡಯೋಡುಗಳನ್ನು ಬೇರೆ ಬೇರೆ ಅಲ್ಯೂಮಿನಿಯಂ ತುಂಡುಗಳ ಮೇಲೆ ಕೂರಿಸಿ, ಒಂದಕ್ಕೆ ಫ್ಯಾನಿನ ನೇರ ಗಾಳಿ ಬೀಳುವಂತೆ, ಇನ್ನೊಂದು ಸುಮಾರು 15 ಡಿಗ್ರಿ ಬಿಸಿಯಾಗಿರುವಂತೆ ಮಾಡಿದರೆ 3 ನ್ಯಾನೋಮೀಟರ್ ಅಂತರ ಸಿಗುತ್ತದೆ. ಬಿಸಿಯಾದ ಡಯೋಡು ಮಂಕಾಗುತ್ತದೆ, ಅದರ ವಿದ್ಯುತ್ ಪ್ರವಾಹವನ್ನು ತುಸು ಹೆಚ್ಚಿಸಬೇಕು, ಆಯುಸ್ಸು ಅಷ್ಟು ಕುಗ್ಗುತ್ತದೆ. ನೀಲಿಗೆ 450ರ ಒಂದೇ ಡಯೋಡು ಸಾಕು. ನೀಲಿಯಲ್ಲಿ ನಮ್ಮ ಕಣ್ಣಿನ ಸೂಕ್ಷ್ಮತೆ ಎಷ್ಟು ಕಡಿಮೆಯೆಂದರೆ ಅದರ ಸ್ಪೆಕಲ್ ಯಾರ ಗಮನಕ್ಕೂ ಬರುವುದಿಲ್ಲ.

ಯಂತ್ರದೊಳಗೆ ಮಾಡಬಹುದಾದದ್ದು ಇಲ್ಲಿಗೆ ಮುಗಿಯಿತು, ಉಳಿದದ್ದು ಪರದೆ. ಮೂರು ಬಣ್ಣದ ಲೇಸರ್ ಇರುವ ಚಿತ್ರಮಂದಿರಗಳಲ್ಲೂ, ಮುಖ್ಯವಾಗಿ ಧ್ರುವೀಕರಣವನ್ನು ಕೆಡಿಸದ ಬೆಳ್ಳಿ ಪರದೆಗಳಿರುವಲ್ಲಿ, ಪರದೆಯನ್ನೇ ಅಲುಗಿಸುವ ಸಾಧನಗಳನ್ನು ಬಳಸುತ್ತಾರೆ. ಪರದೆ ಎಷ್ಟು ಅಲುಗಬೇಕೆಂಬುದಕ್ಕೆ ಉತ್ತರ ಅಚ್ಚರಿಯಷ್ಟು ಚಿಕ್ಕದು. ಬಿಗಿದ ಪಿವಿಸಿ ಹಾಳೆಯಲ್ಲಿ 30 ಸೆಂಟಿಮೀಟರ್ ಉದ್ದದ ಅಲೆ ಬರೀ 0.1 ಮಿಲಿಮೀಟರ್ ಏರಿಳಿದರೂ ಹಾಳೆಯ ಇಳಿಜಾರು 2 ಮಿಲಿರೇಡಿಯನ್ ಆಗುತ್ತದೆ. ಪ್ರತಿಫಲನದಲ್ಲಿ ಅದು ಇಮ್ಮಡಿಯಾಗಿ, 3 ಮೀಟರ್ ದೂರದ ಕಣ್ಣಿನ ಬಳಿ ಸ್ಪೆಕಲ್ ವಿನ್ಯಾಸ ಆಚೀಚೆ ಒಟ್ಟು 25 ಮಿಲಿಮೀಟರ್ ಸರಿಯುತ್ತದೆ. 3 ಮಿಲಿಮೀಟರ್ ಪಾಪೆಯ ಮುಂದೆ ಅದು ಎಂಟು ಹೊಸ ವಿನ್ಯಾಸಗಳಿಗೆ ಸಮ. ಚಿತ್ರ ಮಾತ್ರ ಕೂದಲೆಳೆಯಷ್ಟೂ ಮಸುಕಾಗುವುದಿಲ್ಲ.

ಪರದೆಯ ಚೌಕಟ್ಟಿನ ಹಿಂದೆ ಧ್ವನಿಫಲಕಗಳಿಗೆ ಬಳಸುವ ಎಕ್ಸೈಟರ್ (ಹಾಳೆಯನ್ನು ನಡುಗಿಸುವ ಸಾಧನ) ಒಂದನ್ನು ಹಾಳೆಗೆ ಅಂಟಿಸಿ 37 ಹರ್ಟ್ಸ್ ಕೊಟ್ಟಾಗ ಪರದೆಯ ಮೇಲೆ ಕಂಡದ್ದನ್ನು ಹೇಳಲೇಬೇಕು: ಸುಮಾರು ಗೇಣಿಗೊಂದರಂತೆ ಅಡ್ಡಪಟ್ಟಿಗಳಲ್ಲಿ ಸ್ಪೆಕಲ್ ಹಾಗೆಯೇ ಉಳಿದಿತ್ತು, ಅವುಗಳ ನಡುವೆ ಪರದೆ ಕಾಗದದಷ್ಟು ನಯವಾಗಿತ್ತು. ಹಾಳೆ ಅತಿ ಹೆಚ್ಚು ಏರಿಳಿಯುವ ಜಾಗದಲ್ಲಿ ಇಳಿಜಾರು ಸೊನ್ನೆ. ಹಾಳೆ ಅಲುಗದೆ ನಿಂತ ಗೆರೆಯಲ್ಲೇ ಇಳಿಜಾರು ಅತಿ ಹೆಚ್ಚು. ಬೆರಳ ತುದಿಯಿಂದ ಮುಟ್ಟಿ ನೋಡಿದರೆ ಇದು ಖಚಿತವಾಗುತ್ತದೆ, ಹೆಚ್ಚು ನಡುಗುವಲ್ಲೇ ಕಣಕಣ. ಬೇರೊಂದು ಮೂಲೆಯಲ್ಲಿ ಎರಡನೆಯ ಎಕ್ಸೈಟರ್ ಇಟ್ಟು 53 ಹರ್ಟ್ಸ್ ಕೊಟ್ಟಾಗ ಒಂದರ ಪಟ್ಟಿಗಳನ್ನು ಇನ್ನೊಂದು ಮುಚ್ಚಿತು. ಎರಡೂ ಆವರ್ತನಗಳು 1/25 ಸೆಕೆಂಡಿನೊಳಗೆ ಕನಿಷ್ಠ ಒಂದು ಏರಿಳಿತವನ್ನು ಮುಗಿಸುವಷ್ಟು ಹೆಚ್ಚು, ಕೋಣೆಯಲ್ಲಿ ಸದ್ದಾಗಿ ಕೇಳಿಸದಷ್ಟು ಕಡಿಮೆ. ಒಂದು ವ್ಯಾಟಿಗೂ ಕಡಿಮೆ ಶಕ್ತಿ ಸಾಕಾಯಿತು. ಹಸಿರಿನ ವೈದೃಶ್ಯ ಪರದೆಯ ಬಹುಭಾಗದಲ್ಲಿ ಶೇ 4ರ ಹತ್ತಿರ ನಿಂತಿದೆ, ಕೆಂಪಿನದು ಶೇ 5ಕ್ಕಿಂತ ತುಸು ಮೇಲೆ. ಚೌಕಟ್ಟಿನ ಅಂಚಿಗೆ ನಾಲ್ಕು ಬೆರಳು ಅಗಲದಲ್ಲಿ ಹಾಳೆ ಅಲುಗಲೂ ಆರದು, ಓರೆಯಾಗಲೂ ಆರದು, ಅಲ್ಲಿ ಕೆಂಪು ಕಣಗಳು ಹುಡುಕಿದರೆ ಈಗಲೂ ಸಿಗುತ್ತವೆ. ಚಿತ್ರವನ್ನು ಅಷ್ಟು ಚಿಕ್ಕದು ಮಾಡಿ ಆ ಅಂಚಿಗೆ ಕಪ್ಪು ಬಟ್ಟೆ ಹಚ್ಚಿದ್ದೇನೆ.

ಇದನ್ನು ಮಾಡಹೊರಟವರು ಆಸನದ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೋಡುವವರು 3 ಮೀಟರಿನಿಂದ ಒಂದೂವರೆ ಮೀಟರಿಗೆ ಬಂದರೆ ಕಣ್ಣಿನ ತುಣುಕು ಅರ್ಧಕ್ಕಿಳಿದು, ಮಸೂರದ 14 ತುಣುಕುಗಳು ಮೂರೂವರೆಗೆ ಇಳಿಯುತ್ತವೆ. ಪರದೆಯ ಅಲುಗಾಟದಿಂದ ಕಣ್ಣಿನ ಬಳಿ ಆಗುವ ಸರಿತವೂ ಅರ್ಧವಾಗುತ್ತದೆ. ಎರಡೂ ಸೇರಿ ಸ್ಪೆಕಲ್ ಮತ್ತೆ ಢಾಳಾಗಿ ಕಾಣತೊಡಗುತ್ತದೆ. ಆದ್ದರಿಂದ ಮೊದಲ ಸಾಲಿನ ಕುರ್ಚಿಗಳನ್ನು ಪರದೆಯಿಂದ ಎರಡೂವರೆ ಮೀಟರಿಗಿಂತ ಹತ್ತಿರ ಹಾಕುವುದಿಲ್ಲ. ಮಳೆಗಾಲದಲ್ಲಿ ಹಾಳೆಯ ಬಿಗಿ ಸಡಿಲಾಗಿ ಪಟ್ಟಿಗಳು ಜಾಗ ಬದಲಿಸುತ್ತವೆ, ಆಗ ಚೌಕಟ್ಟಿನ ಸ್ಕ್ರೂಗಳನ್ನು ಬಿಗಿದು, ಬರೀ ಕೆಂಪು ಬಣ್ಣದ ಚಿತ್ರವೊಂದನ್ನು ಬಿಟ್ಟು ಎರಡು ಆವರ್ತನಗಳನ್ನು ಒಂದೆರಡು ಹರ್ಟ್ಸ್ ಆಚೀಚೆ ಹೊಂದಿಸಿಕೊಳ್ಳಬೇಕು.